ಗ್ಲಾಸ್ಗೋದಿಂದ ಬಂದ ಬೀಡು: ಹಳೆಯ ಕಟ್ಟಡಗಳ ಎರಕದ ಕಬ್ಬಿಣವನ್ನು ಉಳಿಸುವುದು ಹೇಗೆ?

ಮೈಸೂರು ಅರಮನೆಯ ಕಲ್ಯಾಣ ಮಂಟಪವನ್ನು ನೋಡದವರು ನಮ್ಮ ಕಾಲೇಜಿನಲ್ಲಿ ಕಡಿಮೆ. ಶಾಲೆಯ ಪ್ರವಾಸದಲ್ಲೋ, ದಸರೆಗೆ ಬಂದ ನೆಂಟರ ಜೊತೆಯಲ್ಲೋ ಒಮ್ಮೆಯಾದರೂ ಹೋಗಿರುತ್ತೇವೆ. ಅಲ್ಲಿ ಕಾಲಿಟ್ಟ ಕೂಡಲೇ ಎಲ್ಲರೂ ತಲೆ ಎತ್ತಿ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿಯನ್ನು ನೋಡುತ್ತಾರೆ. ಆ ಚಾವಣಿಯನ್ನು ಹೊತ್ತು ನಿಂತಿರುವ ಕಂಬಗಳ ಬಗ್ಗೆ ಯಾರೂ ಹೆಚ್ಚು ಕೇಳುವುದಿಲ್ಲ. ಅವು ಕಲ್ಲಿನವಲ್ಲ, ಮರದವೂ ಅಲ್ಲ. ಅವು ಎರಕದ ಕಬ್ಬಿಣದ ಕಂಬಗಳು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿದ್ದ ಸ್ಯಾರಸೆನ್ ಫೌಂಡ್ರಿಯಲ್ಲಿ ಎರಕ ಹೊಯ್ದು, ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದವು.

ಅರಮನೆಯ ಕಂಬಗಳನ್ನು ನೋಡಿಕೊಳ್ಳಲು ಜನರಿದ್ದಾರೆ, ಹಣವಿದೆ. ಆದರೆ ಇದೇ ಜಾತಿಯ ಕಬ್ಬಿಣ ಹಳೆಯ ನಗರಗಳ ಮನೆ, ಮಾರುಕಟ್ಟೆ, ಶಾಲೆ, ಮಸೀದಿಗಳ ಬಾಲ್ಕನಿ, ಮೆಟ್ಟಿಲು, ಸೂರುಗಳಲ್ಲೂ ಇದೆ. ಅದನ್ನು ನೋಡಿಕೊಳ್ಳುವವರು ಯಾರು, ಹೇಗೆ ನೋಡಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಆದ್ದರಿಂದ ಕೊನೆಯಲ್ಲಿ ಸ್ವಲ್ಪ ಲೆಕ್ಕವೂ ಇದೆ.

ಬೀಡು ಎಂದರೇನು?

ಎರಕದ ಕಬ್ಬಿಣವನ್ನು ಕನ್ನಡದಲ್ಲಿ ಬೀಡು ಅಥವಾ ಬೀಡು ಕಬ್ಬಿಣ ಎನ್ನುತ್ತಾರೆ. ಗುಜರಿ ವ್ಯಾಪಾರದಲ್ಲೂ ಇದೇ ಹೆಸರು. ಇದರಲ್ಲಿ ಇಂಗಾಲ ಸುಮಾರು ಶೇಕಡಾ 2ರಿಂದ 4ರಷ್ಟು ಇರುತ್ತದೆ. ಕಮ್ಮಾರರು ಬಡಿದು ಬಗ್ಗಿಸುವ ಮೆದು ಕಬ್ಬಿಣದಲ್ಲಿ ಇಂಗಾಲ ಬಹಳ ಕಡಿಮೆ. ಈ ಒಂದು ವ್ಯತ್ಯಾಸದಿಂದಲೇ ಎರಡರ ಗುಣಗಳು ಬೇರೆಯಾಗುತ್ತವೆ.

ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬೇಕು. ಬೀಡು ಸುಮಾರು 1,150ರಿಂದ 1,200 ಡಿಗ್ರಿಗೇ ಕರಗಿ ನೀರಿನಂತೆ ಹರಿಯುತ್ತದೆ. ಹಾಗಾಗಿ ಮರಳಿನ ಅಚ್ಚಿನೊಳಗೆ ಹೂವಿನ ಎಸಳು, ಎಲೆಯ ನರಗಳವರೆಗೂ ತುಂಬಿಕೊಳ್ಳುತ್ತದೆ. ಮೊದಲು ಮರದಲ್ಲಿ ಒಂದು ಮಾದರಿ ಕೆತ್ತುತ್ತಾರೆ. ಅದನ್ನು ಒದ್ದೆ ಮರಳಿನಲ್ಲಿ ಒತ್ತಿ ತೆಗೆದರೆ ಗುಳಿ ಉಳಿಯುತ್ತದೆ. ಆ ಗುಳಿಗೆ ಕರಗಿದ ಬೀಡು ಹೊಯ್ಯುತ್ತಾರೆ. ಮಾದರಿ ಒಂದೇ ಇದ್ದರೂ ಅದರಿಂದ ನೂರಾರು ತುಂಡುಗಳನ್ನು ತೆಗೆಯಬಹುದು. ಕಲ್ಲುಕುಟಿಗನಾದರೆ ನೂರು ಹೂವನ್ನು ನೂರು ಸಲ ಕೆತ್ತಬೇಕು. ಎರಕದ ಅಲಂಕಾರ ಅಗ್ಗವಾಗಲು ಇದೇ ಕಾರಣ.

ಬೀಡಿನ ಬಲ ಒಂದು ಕಡೆ, ದೌರ್ಬಲ್ಯ ಇನ್ನೊಂದು ಕಡೆ. ಮೇಲಿನಿಂದ ಬೀಳುವ ಭಾರವನ್ನು ಅದು ಚೆನ್ನಾಗಿ ತಡೆಯುತ್ತದೆ. ಅದಕ್ಕೇ ಕಂಬಗಳಿಗೆ ಹೇಳಿ ಮಾಡಿಸಿದ ಲೋಹ. ಆದರೆ ಎಳೆದರೆ, ಬಗ್ಗಿಸಿದರೆ, ಜೋರಾಗಿ ಹೊಡೆದರೆ ತಡೆಯುವುದಿಲ್ಲ. ಉಕ್ಕಿನ ಹಾಗೆ ಬಾಗುವುದಿಲ್ಲ, ನೇರವಾಗಿ ಮುರಿಯುತ್ತದೆ. ಮುರಿದ ಜಾಗದಲ್ಲಿ ಬೂದು ಬಣ್ಣದ ಹರಳು ಹರಳಾದ ಮೈ ಕಾಣುತ್ತದೆ.

ಗುರುತಿಸುವುದು ಹೇಗೆ?

ಮುರಿದು ನೋಡಬೇಕಾಗಿಲ್ಲ. ಮೂರು ಗುರುತುಗಳು ಸಾಕು.

1. ಒಂದೇ ವಿನ್ಯಾಸ ಸಾಲಾಗಿ ಬಂದಿದ್ದು, ಪ್ರತಿಯೊಂದೂ ಇನ್ನೊಂದರ ಪಡಿಯಚ್ಚಿನಂತಿದ್ದರೆ ಅದು ಎರಕ. ಕೈಯಲ್ಲಿ ಬಡಿದು ಮಾಡಿದ್ದರಲ್ಲಿ ಒಂದಕ್ಕೊಂದು ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ.
2. ತುಂಡಿನ ಅಂಚಿನಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಸಣ್ಣ ಗೆರೆ ಕಾಣಬಹುದು. ಹಿಂಬದಿ ಮರಳಿನಂತೆ ಒರಟಾಗಿರುತ್ತದೆ.
3. ಆಯಸ್ಕಾಂತ ಅಂಟಿಕೊಳ್ಳುತ್ತದೆ. ಈಗ ಅದೇ ವಿನ್ಯಾಸದಲ್ಲಿ ಬರುವ ಅಲ್ಯೂಮಿನಿಯಂ ಅಥವಾ ಫೈಬರ್ ತುಂಡುಗಳಿಗೆ ಅಂಟುವುದಿಲ್ಲ.

ಕಂಬದ ಬುಡದಲ್ಲೋ ಮೆಟ್ಟಿಲಿನ ಬದಿಯಲ್ಲೋ ಕಾರ್ಖಾನೆಯ ಹೆಸರು, ಊರಿನ ಹೆಸರು ಉಬ್ಬಕ್ಷರದಲ್ಲಿ ಇರುವುದುಂಟು. ಬಣ್ಣದ ಪದರಗಳ ಕೆಳಗೆ ಅದು ಮುಚ್ಚಿಹೋಗಿರುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ.

ಕ್ಯಾಟಲಾಗ್ ನೋಡಿ ತರಿಸಿದ ಅಲಂಕಾರ

ವಾಲ್ಟರ್ ಮ್ಯಾಕ್‌ಫರ್ಲೇನ್ ಎಂಬಾತ 1850ರ ಸುಮಾರಿಗೆ ಗ್ಲಾಸ್ಗೋದಲ್ಲಿ ತನ್ನ ಎರಕದ ಕಾರ್ಖಾನೆ ಆರಂಭಿಸಿದ. ಅದು ಇದ್ದದ್ದು ಸ್ಯಾರಸೆನ್ ಎಂಬ ಹೆಸರಿನ ಓಣಿಯಲ್ಲಿ. ಓಣಿಯ ಹೆಸರೇ ಕಾರ್ಖಾನೆಗೂ ಬಂತು. ಸ್ಯಾರಸೆನ್ ಎಂಬುದು ಮಧ್ಯಯುಗದ ಯೂರೋಪಿನವರು ಅರಬರಿಗೂ ಮುಸ್ಲಿಮರಿಗೂ ಇಟ್ಟಿದ್ದ ಹೆಸರು. ಕಾರ್ಖಾನೆಗೂ ಆ ಜನರಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಈ ಹೆಸರು ಓದಿದಾಗ ನನಗೆ ಕುತೂಹಲ ಹುಟ್ಟಿತು. ಈ ವಿಷಯ ಹುಡುಕಲು ಶುರು ಮಾಡಿದ್ದೇ ಅಲ್ಲಿಂದ.

ಮ್ಯಾಕ್‌ಫರ್ಲೇನ್ ಕಂಪನಿಯ ವ್ಯಾಪಾರದ ಕ್ರಮ ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಬೇಕಾದದ್ದು. ಅವರು ದಪ್ಪನೆಯ ಚಿತ್ರಸಹಿತ ಕ್ಯಾಟಲಾಗ್‌ಗಳನ್ನು ಅಚ್ಚು ಹಾಕಿಸಿದರು. ಕಂಬ, ಕಟಕಟೆ, ಗೇಟು, ದೀಪದ ಕಂಬ, ಕಾರಂಜಿ, ವಾದ್ಯಮಂಟಪ, ನೀರಿನ ಕೊಳವೆ ಎಲ್ಲದಕ್ಕೂ ಒಂದೊಂದು ಸಂಖ್ಯೆ. ದೂರದ ದೇಶದ ಗ್ರಾಹಕ ಸಂಖ್ಯೆ ಬರೆದು ಕಳಿಸಿದರೆ ಸಾಕು, ಸಾಮಾನು ಹಡಗಿನಲ್ಲಿ ಬರುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯೂರೋಪಿನಿಂದ ಭಾರತಕ್ಕೆ ಸಮುದ್ರದ ದಾರಿ ಹತ್ತಿರವಾಯಿತು. ಮದರಾಸಿನಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಭಾರವಾದ ಕಬ್ಬಿಣ ಒಳನಾಡಿಗೆ ಬರಲು ದಾರಿ ಸಿದ್ಧವಾಗಿತ್ತು.

ಬೆಂಗಳೂರಿನ ಲಾಲ್‌ಬಾಗ್ ಇದಕ್ಕೆ ಒಳ್ಳೆಯ ಉದಾಹರಣೆ. 1760ರಲ್ಲಿ ಹೈದರ್ ಅಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಬೆಳೆಸಿದ ತೋಟ ಅದು. ಅಲ್ಲಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಆಗ ತೋಟದ ಮುಖ್ಯಸ್ಥರಾಗಿದ್ದವರು ಜಾನ್ ಕ್ಯಾಮರಾನ್. ಲಂಡನ್ನಿನಲ್ಲಿ 1851ರಲ್ಲಿ ಕಟ್ಟಿದ್ದ ಕ್ರಿಸ್ಟಲ್ ಪ್ಯಾಲೆಸ್ ಇದಕ್ಕೆ ಮಾದರಿ. ಕಬ್ಬಿಣ ಬಂದದ್ದು ಮ್ಯಾಕ್‌ಫರ್ಲೇನ್ ಕಾರ್ಖಾನೆಯಿಂದ. ನಮ್ಮ ಅರಮನೆಯ ಕಥೆಯೂ ಹತ್ತಿರದ್ದೇ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಸುಟ್ಟುಹೋಯಿತು. ಹೊಸ ಅರಮನೆಯ ನಕ್ಷೆ ಹೆನ್ರಿ ಇರ್ವಿನ್ ಅವರದು. 1912ರಲ್ಲಿ ಕೆಲಸ ಮುಗಿಯಿತು. ತಗುಲಿದ ಖರ್ಚು ಸುಮಾರು 41 ಲಕ್ಷ ರೂಪಾಯಿ.

ಮುಂದೆ ಕಬ್ಬಿಣ ನಮ್ಮ ರಾಜ್ಯದಲ್ಲೇ ಆಗತೊಡಗಿತು. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. 1935ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಲಾಲ್‌ಬಾಗಿನ ಗಾಜಿನ ಮನೆಯನ್ನು ಪೂರ್ವಕ್ಕೆ ವಿಸ್ತರಿಸಿದರು. ಅದಕ್ಕೆ ಬಳಸಿದ್ದು ಭದ್ರಾವತಿಯ ಕಬ್ಬಿಣ. ಒಂದೇ ಕಟ್ಟಡದಲ್ಲಿ ಆಮದಿನ ಕಬ್ಬಿಣವೂ ನಮ್ಮ ಕಬ್ಬಿಣವೂ ಕೂಡಿ ನಿಂತಿವೆ. ಗ್ಲಾಸ್ಗೋದ ಕಾರ್ಖಾನೆ 1967ರಲ್ಲಿ ಮುಚ್ಚಿತು. ಅಂದರೆ ಇನ್ನು ಸಂಖ್ಯೆ ಬರೆದು ತರಿಸಲು ಅಂಗಡಿಯೇ ಇಲ್ಲ. ಇರುವುದನ್ನು ಉಳಿಸಿಕೊಳ್ಳಬೇಕು.

ಗುಜರಿ ಅಂಗಡಿಯಲ್ಲಿ ಕಂಡದ್ದು

ನನ್ನ ಮಾಮೂ ಗುಜರಿ ಅಂಗಡಿ ಇಟ್ಟುಕೊಂಡಿದ್ದಾರೆ. ಭಾನುವಾರಗಳಲ್ಲಿ ನಾನು ಅಲ್ಲಿ ಕೂತು ಲೆಕ್ಕ ಬರೆಯುತ್ತೇನೆ. ಕಳೆದ ವರ್ಷ ನಮ್ಮ ಮೊಹಲ್ಲಾದ ಹಳೆಯ ಮನೆಯೊಂದರ ಬಾಲ್ಕನಿಯ ಕಟಕಟೆ, ಅದನ್ನು ಹೊತ್ತಿದ್ದ ಹೂಬಳ್ಳಿಯ ಆಧಾರಗಳು ಅಂಗಡಿಗೆ ಬಂದವು. ಲೆಕ್ಕದ ಪುಸ್ತಕದಲ್ಲಿ ಮೂರೇ ಅಂಕಣ: ತೂಕ, ದರ, ಮೊತ್ತ. ಹೂಬಳ್ಳಿಗೆ ಅಂಕಣವಿಲ್ಲ. ನಾನು ಅದನ್ನೇ ಕೇಳಿದಾಗ ಮಾಮೂ ನಕ್ಕು, "ಬೇಟಾ, ತಕ್ಕಡಿಗೆ ಹೂವೂ ಒಂದೇ, ಚರಂಡಿ ಪೈಪೂ ಒಂದೇ" ಎಂದರು. ಬೀಡನ್ನು ಸುತ್ತಿಗೆಯಿಂದ ಒಡೆದು ಗೋಣಿಚೀಲಕ್ಕೆ ತುಂಬಿ ಕಳಿಸುತ್ತಾರೆ. ಅದು ಮತ್ತೆ ಕರಗಿ ಇನ್ನೇನೋ ಆಗುತ್ತದೆ.

ಗುಜರಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ಇಲ್ಲದಿದ್ದರೆ ನಗರದ ಅರ್ಧ ಲೋಹ ಕಸದಲ್ಲಿ ಬಿದ್ದಿರುತ್ತಿತ್ತು. ಆ ಮನೆಯವರನ್ನೂ ದೂರಲಾರೆ. ಅವರು ಮೊದಲು ರಿಪೇರಿಗೇ ಯತ್ನಿಸಿದ್ದರು. ಮಳೆಗಾಲದಲ್ಲಿ ಒಂದು ಆಧಾರ ಬಿರುಕು ಬಿಟ್ಟಿತು. ವೆಲ್ಡಿಂಗ್ ಮಾಡುವವರನ್ನು ಕರೆಸಿದರು. ಅವರು ಉಕ್ಕಿಗೆ ಹಾಕುವ ಮಾಮೂಲಿ ರಾಡ್‌ನಲ್ಲೇ ಬೆಸೆದರು. ವಾರದೊಳಗೆ ಬೆಸುಗೆಯ ಪಕ್ಕದಲ್ಲೇ ಇನ್ನೊಂದು ಬಿರುಕು ಬಂತು. ಕೆಳಗೆ ಮಕ್ಕಳು ಆಡುವ ಬೀದಿ. ಮನೆಯವರು ಹೆದರಿ ಎಲ್ಲವನ್ನೂ ಬಿಚ್ಚಿಸಿದರು. ಅವರು ಹೆದರಿದ್ದು ಸರಿಯೇ. ನನಗೆ ಅನ್ನಿಸಿದ್ದು ಇಷ್ಟು: ಈ ಅಲಂಕಾರಗಳು ಹೋಗುತ್ತಿರುವುದು ಜನರಿಗೆ ಅವುಗಳ ಮೇಲೆ ಪ್ರೀತಿ ಇಲ್ಲದ್ದರಿಂದ ಅಲ್ಲ, ರಿಪೇರಿಯ ಸರಿಯಾದ ಕ್ರಮ ಗೊತ್ತಿಲ್ಲದ್ದರಿಂದ.

ಕೆಡುವುದು ಏಕೆ?

ನೀರೇ ಮುಖ್ಯ ಶತ್ರು. ಆದರೆ ಎದುರಿಗೆ ಕಾಣುವ ನೀರಿಗಿಂತ ನಿಂತ ನೀರು ಹೆಚ್ಚು ಅಪಾಯ. ಎರಕದ ಅಲಂಕಾರ ಒಂದೇ ತುಂಡಲ್ಲ. ಹಲವು ತುಂಡುಗಳನ್ನು ಬೋಲ್ಟುಗಳಿಂದ ಸೇರಿಸಿ, ಸಂದುಗಳಿಗೆ ಪುಟ್ಟಿ ತುಂಬಿರುತ್ತಾರೆ. ಪುಟ್ಟಿ ಒಣಗಿ ಉದುರಿದರೆ ನೀರು ಸಂದಿಗೆ ಇಳಿಯುತ್ತದೆ. ಅಲ್ಲಿ ಹುಟ್ಟುವ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುತ್ತದೆ. ಬೆಳೆಯುವ ತುಕ್ಕು ಒಳಗಿನಿಂದ ನೂಕಿ ಬೀಡನ್ನೇ ಸೀಳುತ್ತದೆ. ಗೋಡೆಯೊಳಗೆ ಹೂತ ತುದಿಯಲ್ಲಿ ಹೀಗಾದರೆ ಕಲ್ಲೂ ಗಾರೆಯೂ ಒಡೆಯುತ್ತವೆ.

ಹಳೆಯ ಕಟ್ಟಡಗಳಲ್ಲಿ ಟೊಳ್ಳು ಕಂಬಗಳನ್ನೇ ಮಳೆನೀರಿನ ಕೊಳವೆಯಾಗಿ ಬಳಸಿದ್ದೂ ಉಂಟು. ಎಲೆ, ಕಸ ಕಟ್ಟಿಕೊಂಡರೆ ಕಂಬ ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ.

ಅಲಕ್ಷ್ಯ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಮುಂಬೈಯ ಎಸ್ಪ್ಲನೇಡ್ ಮ್ಯಾನ್ಷನ್ ಸಾಕ್ಷಿ. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಕಬ್ಬಿಣದ ಚೌಕಟ್ಟನ್ನು ತಂದು ಕಟ್ಟಿದ ವಾಟ್ಸನ್ಸ್ ಹೋಟೆಲ್ ಅದು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಅಲ್ಲೇ. 2005ರಲ್ಲಿ ಅದರ ಬಾಲ್ಕನಿಯ ಒಂದು ಭಾಗ ಕುಸಿದು ಬಿತ್ತು. ಅದೇ ವರ್ಷ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಪ್ರಕಟಿಸಿದ, ಜಗತ್ತಿನ ಅಪಾಯದಲ್ಲಿರುವ 100 ತಾಣಗಳ ಪಟ್ಟಿಯಲ್ಲಿ ಅದು ಸೇರಿತು.

ಉಳಿಸುವ ಕ್ರಮ

ಮೊದಲನೆಯದು, ದಾಖಲೆ. ಬಿಚ್ಚುವ ಮೊದಲು ಪ್ರತಿ ತುಂಡಿಗೂ ಸಂಖ್ಯೆ ಕೊಡಬೇಕು, ಫೋಟೋ ತೆಗೆಯಬೇಕು, ಅಳತೆ ಬರೆಯಬೇಕು. ಸಂಖ್ಯೆ ಇಲ್ಲದೆ ಬಿಚ್ಚಿದ ಕಟಕಟೆ ಮತ್ತೆ ಸರಿಯಾಗಿ ಕೂರುವುದಿಲ್ಲ.

ಎರಡನೆಯದು, ನೀರಿನ ದಾರಿ ಸರಿಪಡಿಸುವುದು. ಸೋರುವ ಚಾವಣಿ, ಕಟ್ಟಿಕೊಂಡ ಕೊಳವೆ, ನೀರು ನಿಲ್ಲುವ ಮೂಲೆಗಳನ್ನು ಬಿಟ್ಟು ಬರೀ ಬಣ್ಣ ಹಚ್ಚಿದರೆ ಹಣ ವ್ಯರ್ಥ.

ಮೂರನೆಯದು, ಶುಚಿಗೊಳಿಸುವುದು. ಸಡಿಲವಾದ ತುಕ್ಕನ್ನು ತಂತಿ ಬ್ರಷ್‌ನಿಂದ ಕೈಯಲ್ಲೇ ತೆಗೆಯಬಹುದು. ಗ್ರೈಂಡರ್ ಹಿಡಿದು ಉಜ್ಜಿದರೆ ಹೂವಿನ ಎಸಳಿನ ಅಂಚೇ ಹೋಗಿಬಿಡುತ್ತದೆ. ಇಲ್ಲಿ ಆರೋಗ್ಯದ ಮಾತೂ ಇದೆ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಅದರ ಪುಡಿ, ಹೊಗೆ ಎರಡೂ ವಿಷ, ಮಕ್ಕಳಿಗಂತೂ ಇನ್ನೂ ಹೆಚ್ಚು. ನಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಆದ್ದರಿಂದ ಹಳೆಯ ಬಣ್ಣವನ್ನು ಸುಡಬಾರದು, ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಸರಿಯಾದ ಮುಖಗವಸು ಇರಬೇಕು, ಬಿದ್ದ ಪುಡಿಯನ್ನು ಒಟ್ಟುಗೂಡಿಸಬೇಕು.

ನಾಲ್ಕನೆಯದು, ಬಣ್ಣ. ಬರಿಮೈಯ ಬೀಡು ಗಾಳಿಯ ತೇವಕ್ಕೇ ಕೆಲವೇ ಗಂಟೆಗಳಲ್ಲಿ ತುಕ್ಕು ಹಿಡಿಯಲು ಶುರುವಾಗುತ್ತದೆ. ಶುಚಿ ಮಾಡಿದ ದಿನವೇ ತುಕ್ಕು ತಡೆಯುವ ಮೊದಲ ಪದರ ಬೀಳಬೇಕು. ಸಂದುಗಳಿಗೆ ಹೊಸ ಪುಟ್ಟಿ ತುಂಬಿ, ಆಮೇಲೆ ಮೇಲಿನ ಪದರಗಳು. ಹಳೆಯ ಬಣ್ಣದ ಒಂದು ಸಣ್ಣ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಅಡ್ಡಲಾಗಿ ನೋಡಿದರೆ, ಮರದ ಕಾಂಡದ ಉಂಗುರಗಳಂತೆ ಪದರಗಳು ಕಾಣುತ್ತವೆ. ಮೊದಲು ಹಚ್ಚಿದ್ದ ಬಣ್ಣ ಯಾವುದೆಂದು ಹೀಗೆ ತಿಳಿಯುತ್ತಾರೆ.

ಐದನೆಯದು, ಬಿರುಕು. ಬೀಡಿನ ಒಂದು ಜಾಗ ಮಾತ್ರ ಬಿಸಿಯಾದರೆ ಅದು ಹಿಗ್ಗಿ, ಆರುವಾಗ ಕುಗ್ಗಿ ಪಕ್ಕದಲ್ಲೇ ಸೀಳುತ್ತದೆ. ನಮ್ಮ ಬೀದಿಯ ಬಾಲ್ಕನಿಗೆ ಆದದ್ದು ಇದೇ. ವೆಲ್ಡಿಂಗ್ ಮಾಡಲೇಬೇಕಾದರೆ ಇಡೀ ತುಂಡನ್ನು ಮೊದಲೇ ನಿಧಾನವಾಗಿ ಬಿಸಿ ಮಾಡಿ, ನಿಕ್ಕಲ್ ರಾಡ್ ಬಳಸಿ, ನಿಧಾನವಾಗಿ ತಣಿಸಬೇಕು. ಇನ್ನೊಂದು ವಿಧಾನಕ್ಕೆ ಬೆಂಕಿಯೇ ಬೇಡ. ಬಿರುಕಿಗೆ ಅಡ್ಡವಾಗಿ ರಂಧ್ರ ಕೊರೆದು ಲೋಹದ ಬೀಗಗಳನ್ನು ಕೂರಿಸಿ, ಬಟ್ಟೆಗೆ ಹೊಲಿಗೆ ಹಾಕಿದಂತೆ ಸೇರಿಸುತ್ತಾರೆ. ಭಾರ ಹೊರುವ ಕಂಬ, ಆಧಾರಗಳಾದರೆ ಎಂಜಿನಿಯರ್ ನೋಡದೆ ಕೈ ಹಾಕಬಾರದು.

ಹೊಸ ತುಂಡು ಬೇಕಾದಾಗ

ಕಳೆದುಹೋದ ತುಂಡಿನ ಬದಲು ಹೊಸದನ್ನು ಹೊಯ್ಸಬಹುದು. ಇಲ್ಲಿ ಒಂದು ಲೆಕ್ಕ ತಪ್ಪಬಾರದು. ಕರಗಿದ ಬೀಡು ಗಟ್ಟಿಯಾಗಿ ತಣಿಯುವಾಗ ಸುಮಾರು ಶೇಕಡಾ 1ರಷ್ಟು ಕುಗ್ಗುತ್ತದೆ. ಹಳೆಯ ತುಂಡನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರೆ, 100 ಸೆಂಟಿಮೀಟರಿನ ಕಟಕಟೆ 99 ಆಗಿ ಬರುತ್ತದೆ. ಅಂಥ ಹತ್ತು ತುಂಡುಗಳ ಸಾಲಿನಲ್ಲಿ 10 ಸೆಂಟಿಮೀಟರ್ ಅಂತರ ಉಳಿಯುತ್ತದೆ, ಬೋಲ್ಟಿನ ರಂಧ್ರಗಳೂ ಕೂಡುವುದಿಲ್ಲ. ಅದಕ್ಕೇ ಕುಗ್ಗುವ ಪಾಲನ್ನು ಸೇರಿಸಿ, ಸ್ವಲ್ಪ ದೊಡ್ಡದಾದ ಹೊಸ ಮಾದರಿಯನ್ನು ಮರದಲ್ಲಿ ಮಾಡಿಸಬೇಕು. ಖರ್ಚಿನ ದೊಡ್ಡ ಪಾಲು ಈ ಮಾದರಿಗೇ. ಒಂದು ತುಂಡಿಗಾಗಿ ಮಾದರಿ ಮಾಡಿಸಿದರೆ ದುಬಾರಿ, ಹತ್ತು ತುಂಡಿಗೆ ಹಂಚಿದರೆ ಅಗ್ಗ. ಒಂದೇ ವಿನ್ಯಾಸದ ಕಟಕಟೆ ಇರುವ ಎರಡು ಮೂರು ಮನೆಯವರು ಸೇರಿ ಮಾಡಿಸಿದರೆ ಎಲ್ಲರಿಗೂ ಉಳಿತಾಯ.

ಅಲ್ಯೂಮಿನಿಯಂನಲ್ಲಿ ಅದೇ ವಿನ್ಯಾಸ ಹಗುರವಾಗಿ ಸಿಗುತ್ತದೆ. ಆದರೆ ಎರಡು ಬೇರೆ ಲೋಹಗಳು ನೇರವಾಗಿ ತಾಗಿದ್ದು ನಡುವೆ ತೇವ ಸೇರಿದರೆ, ಬ್ಯಾಟರಿಯಲ್ಲಿ ಆಗುವ ಕ್ರಿಯೆಯೇ ಆಗಿ ಒಂದು ಲೋಹ ಬೇಗ ಸವೆಯುತ್ತದೆ. ಬಳಸಲೇಬೇಕಾದರೆ ನಡುವೆ ನೈಲಾನ್‌ನಂಥ ತಡೆ ಇರಬೇಕು.

ಅಕೌಂಟೆನ್ಸಿಯ ಕಣ್ಣಿನಲ್ಲಿ

ನಮ್ಮ ಪಠ್ಯದಲ್ಲಿ ಸವಕಳಿ ಎಂಬ ಅಧ್ಯಾಯವಿದೆ. ಆಸ್ತಿಯ ಬೆಲೆ ವರ್ಷವರ್ಷ ಇಳಿದು ಕೊನೆಗೆ ಗುಜರಿ ಮೌಲ್ಯ ಉಳಿಯುತ್ತದೆ ಎಂದು ಲೆಕ್ಕ ಮಾಡುತ್ತೇವೆ. ಯಂತ್ರಕ್ಕೆ ಇದು ಸರಿ. ನೂರು ವರ್ಷದ ಕಟಕಟೆಗೆ ಸರಿಹೊಂದುತ್ತದೆಯೇ?

ಅಭ್ಯಾಸಕ್ಕಾಗಿ ಒಂದು ಕಾಲ್ಪನಿಕ ಲೆಕ್ಕ ಮಾಡೋಣ. 20 ಕೆಜಿ ತೂಗುವ ಒಂದು ಆಧಾರಕ್ಕೆ ಗುಜರಿಯಲ್ಲಿ ಕೆಜಿಗೆ 30 ರೂಪಾಯಿ ಸಿಕ್ಕಿತು ಎಂದುಕೊಳ್ಳಿ. ಬಂದದ್ದು 600 ರೂಪಾಯಿ. ನಾಳೆ ಅದೇ ಆಧಾರ ಬೇಕಾದರೆ ಮರದ ಮಾದರಿ, ಅಚ್ಚು, ಲೋಹ, ಕೂಲಿ, ಸಾಗಣೆ ಎಲ್ಲ ಸೇರಬೇಕು. ಆ ಪಟ್ಟಿಯಲ್ಲಿ ಲೋಹದ ಬೆಲೆ ಒಂದೇ ಸಾಲು. ಮಾರುವಾಗ ನಮಗೆ ಸಿಗುವುದು ಆ ಒಂದು ಸಾಲಿನ ಬೆಲೆ ಮಾತ್ರ, ಉಳಿದ ಸಾಲುಗಳನ್ನು ಉಚಿತವಾಗಿ ಕೊಟ್ಟುಬಿಡುತ್ತೇವೆ.

ಇನ್ನೊಂದು ಪಾಠ, ರೆವಿನ್ಯೂ ವೆಚ್ಚ ಮತ್ತು ಬಂಡವಾಳ ವೆಚ್ಚ. ಆಗಾಗ ಸಂದು ನೋಡುವುದು, ಕೊಳವೆ ಶುಚಿ ಮಾಡುವುದು, ಬಣ್ಣ ಹಚ್ಚುವುದು ರೆವಿನ್ಯೂ ವೆಚ್ಚ. ಅದನ್ನು ಉಳಿಸುತ್ತೇವೆಂದು ವರ್ಷಗಟ್ಟಲೆ ಬಿಟ್ಟರೆ ಒಂದು ದಿನ ಇಡೀ ಬಾಲ್ಕನಿಯನ್ನೇ ಹೊಸದಾಗಿ ಕಟ್ಟುವ ಬಂಡವಾಳ ವೆಚ್ಚ ಎದುರಿಗೆ ನಿಲ್ಲುತ್ತದೆ. ಮನೆಯ ಬಜೆಟ್ ನೋಡುವ ನಮ್ಮ ಅಮ್ಮಿಯರಿಗೆ ಇದು ಪುಸ್ತಕವಿಲ್ಲದೇ ಗೊತ್ತು.

ಕಾನೂನನ್ನೂ ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ, ನೂರು ವರ್ಷಕ್ಕೆ ಕಡಿಮೆಯಿಲ್ಲದ, ಕಟ್ಟಡದಿಂದ ಬೇರ್ಪಡಿಸಿದ ವಸ್ತುವೂ ಪುರಾತನ ವಸ್ತುವಿನ ವ್ಯಾಖ್ಯೆಯಲ್ಲಿ ಬರುತ್ತದೆ. ಅಂಥದ್ದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ತಕ್ಕಡಿ ಕಾಣದ ಬೆಲೆಯನ್ನು ಕಾನೂನು ಕಂಡಿದೆ.

ನಾವು ಮಾಡಬಹುದಾದದ್ದು

ನಾವು ವಿದ್ಯಾರ್ಥಿಗಳು. ಬಾಲ್ಕನಿ ರಿಪೇರಿ ಮಾಡಿಸುವ ಹಣ ನಮ್ಮಲ್ಲಿಲ್ಲ. ಆದರೆ ಮೊದಲ ಕೆಲಸ ದಾಖಲೆ, ಅದಕ್ಕೆ ಫೋನು ಮತ್ತು ಅಳತೆಪಟ್ಟಿ ಸಾಕು. ಮನೆಯವರ ಒಪ್ಪಿಗೆ ಪಡೆದು, ನಿಮ್ಮ ಬೀದಿಯಲ್ಲಿರುವ ಎರಕದ ಕಂಬ, ಕಟಕಟೆಗಳ ಫೋಟೋ ತೆಗೆಯಿರಿ. ಉದ್ದ, ಅಗಲ, ಎಷ್ಟು ತುಂಡು, ಎಲ್ಲಿ ತುಕ್ಕು, ಬುಡದಲ್ಲಿ ಯಾವ ಹೆಸರು ಎಂದು ಒಂದು ಪುಟ ಬರೆಯಿರಿ. ಬಿರುಕು ಕಂಡರೆ ಮನೆಯ ಹಿರಿಯರಿಗೆ ಕೂಡಲೇ ತಿಳಿಸಿ, ಅದರ ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಇತಿಹಾಸ ವಿಭಾಗದ ಗುರುಗಳು ಒಪ್ಪಿದರೆ ಆ ಪುಟಗಳನ್ನೆಲ್ಲ ಸೇರಿಸಿ ನಮ್ಮ ಗ್ರಂಥಾಲಯದಲ್ಲಿ ಒಂದು ಫೈಲು ಇಡಬಹುದು. ಮುಂದೆ ಯಾರಾದರೂ ಮಾದರಿ ಮಾಡಿಸಬೇಕಾದರೆ ಆ ಅಳತೆಗಳೇ ಆಧಾರ.

ಮಾಮೂ ಕೂಡ ಒಂದು ಮಾತಿಗೆ ಒಪ್ಪಿದ್ದಾರೆ. ಹೂಬಳ್ಳಿಯ ಬೀಡು ಬಂದರೆ ಒಡೆಯುವ ಮೊದಲು ಒಂದು ವಾರ ಪಕ್ಕಕ್ಕೆ ಇಡುತ್ತಾರೆ. ಅಷ್ಟರಲ್ಲಿ ಅದೇ ವಿನ್ಯಾಸ ಬೇಕಾದವರು ಸಿಕ್ಕರೆ ಗುಜರಿ ದರಕ್ಕಿಂತ ಸ್ವಲ್ಪ ಹೆಚ್ಚಿಗೆ ಕೊಡುತ್ತಾರೆ, ಅವರಿಗೂ ಲಾಭ. ಸಿಗದಿದ್ದರೆ ಸುತ್ತಿಗೆ ಇದ್ದೇ ಇದೆ. ಲೆಕ್ಕದ ಪುಸ್ತಕದಲ್ಲಿ ತೂಕ, ದರ, ಮೊತ್ತದ ಪಕ್ಕ ನಾನು ನಾಲ್ಕನೆಯ ಅಂಕಣ ಎಳೆದಿದ್ದೇನೆ: ವಿವರ. ಈವರೆಗೆ ಅದರಲ್ಲಿ ಎರಡು ಸಾಲು ತುಂಬಿವೆ.